ಬಾಣಂತಿಯ ರಮಝಾನ್: ಉಣ್ಣುವುದೂ ಆಜ್ಞಾಪಾಲನೆಯೇ

ಸರ್ವಸ್ತುತಿ ಅಲ್ಲಾಹನಿಗೆ. ಅವನ ಶಾಂತಿ ಮತ್ತು ಕರುಣೆಯು ಅಂತ್ಯ ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬದವರು ಹಾಗೂ ಸಂಗಾತಿಗಳ ಮೇಲೂ ಸದಾ ಇರಲಿ.

ರಮಝಾನ್ ಸಮೀಪಿಸುತ್ತಿದ್ದಂತೆ ಮದ್ರಸಾದ ಅಧ್ಯಾಪಕರಾದ ನಮ್ಮ ಬಳಿಗೆ ಪ್ರಶ್ನೆಗಳು ಬರತೊಡಗುತ್ತವೆ. ಚುಚ್ಚುಮದ್ದಿನಿಂದ ಉಪವಾಸ ಮುರಿಯುವುದೇ, ಕಣ್ಣಿಗೆ ಔಷಧಿಯ ಹನಿ ಹಾಕಬಹುದೇ, ಝಕಾತನ್ನು ಯಾವ ದಿನಕ್ಕೆ ಲೆಕ್ಕ ಹಾಕಬೇಕು ಎಂಬಿತ್ಯಾದಿ ಪ್ರಶ್ನೆಗಳನ್ನು ಜನರು ಹತ್ತು ಮಂದಿಯ ನಡುವೆಯೇ ಕೇಳುತ್ತಾರೆ. ಒಂದು ಪ್ರಶ್ನೆ ಮಾತ್ರ ತಗ್ಗಿದ ದನಿಯಲ್ಲಿ ಬರುತ್ತದೆ. ಬಾಣಂತಿಯು ಅದನ್ನು ಅತ್ತೆಯ ಬಳಿ ಹೇಳಿರುತ್ತಾಳೆ, ಅತ್ತೆ ಮಗನಿಗೆ ಹೇಳಿರುತ್ತಾರೆ, ಮಗನು ನಮಾಝ್ ಮುಗಿದು ಎಲ್ಲರೂ ಹೊರಟುಹೋದ ಬಳಿಕ ಮಸೀದಿಯ ಮೆಟ್ಟಿಲ ಬಳಿ ನಮ್ಮನ್ನು ನಿಲ್ಲಿಸಿ, “ಮನೆಯಲ್ಲಿ ಹೆರಿಗೆಯಾಗಿದೆ, ಉಪವಾಸ ಹಿಡಿಯಬೇಕೇ ಬೇಡವೇ?” ಎಂದು ಕೇಳುತ್ತಾನೆ. ರಕ್ತಸ್ರಾವ ನಿಂತಿದೆಯೇ ಎಂದು ನಾವು ಕೇಳಿದರೆ ಅವನಿಗೆ ತಿಳಿದಿರುವುದಿಲ್ಲ. ಮಗುವಿಗೆ ಹಾಲು ಸಾಕಾಗುತ್ತಿದೆಯೇ ಎಂದರೆ ಅದೂ ತಿಳಿದಿರುವುದಿಲ್ಲ. ಮೂರು ಬಾಯಿಗಳನ್ನು ದಾಟಿ ಬರುವಷ್ಟರಲ್ಲಿ ಪ್ರಶ್ನೆಯ ಅರ್ಧಭಾಗ ಉದುರಿಹೋಗಿರುತ್ತದೆ. ಉತ್ತರವೂ ಅದೇ ದಾರಿಯಲ್ಲಿ ಮರಳಬೇಕು. ಅದು ಆ ತಾಯಿಯ ಕಿವಿಗೆ ಯಾವ ರೂಪದಲ್ಲಿ ತಲುಪುವುದೋ ಅಲ್ಲಾಹನೇ ಬಲ್ಲ. ಆದ್ದರಿಂದ ಈ ವಿಷಯವನ್ನು ಅವಳೇ ಓದಿಕೊಳ್ಳುವಂತೆ, ಮನೆಯವರೂ ಜೊತೆಗೆ ಓದುವಂತೆ ಇಲ್ಲಿ ಬರೆಯುತ್ತಿದ್ದೇವೆ.

ಮೊದಲಿಗೆ ಒಂದು ವ್ಯತ್ಯಾಸವನ್ನು ಅರಿತುಕೊಳ್ಳಬೇಕು. ಹೆರಿಗೆಯಾದ ಮಹಿಳೆಯ ಮುಂದೆ ಒಂದರ ಹಿಂದೆ ಒಂದರಂತೆ ಎರಡು ಸ್ಥಿತಿಗಳು ಬರುತ್ತವೆ. ಮೊದಲನೆಯದು ಹೆರಿಗೆಯ ನಂತರದ ರಕ್ತಸ್ರಾವದ ಕಾಲ. ಇದನ್ನು ನಿಫಾಸ್ ಎನ್ನುತ್ತೇವೆ. ಎರಡನೆಯದು ಆ ಸ್ರಾವ ನಿಂತ ಬಳಿಕ ಮಗುವಿಗೆ ಹಾಲೂಡಿಸುವ ಕಾಲ. ಜನರು ಇವೆರಡನ್ನೂ ಒಂದೇ ಎಂದು ಭಾವಿಸುತ್ತಾರೆ. ಆದರೆ ಇವುಗಳ ವಿಧಿಗಳು ಬೇರೆ ಬೇರೆ. ನಿಫಾಸ್‌ನಲ್ಲಿರುವವಳಿಗೆ ಉಪವಾಸವು ನಿಷಿದ್ಧ. ಅವಳು ಹಿಡಿದರೂ ಅದು ಸಿಂಧುವಾಗುವುದಿಲ್ಲ. ಹಾಲೂಡಿಸುವವಳಿಗೆ ಉಪವಾಸವು ನಿಷಿದ್ಧವಲ್ಲ. ತನಗೋ ಮಗುವಿಗೋ ಹಾನಿಯಾದೀತೆಂಬ ಭಯವಿದ್ದರೆ ಅದನ್ನು ಮುಂದೂಡುವ ಅನುಮತಿ ಅವಳಿಗಿದೆ. ಮೊದಲನೆಯದರಲ್ಲಿ ಅವಳಿಗೆ ಆಯ್ಕೆಯಿಲ್ಲ. ಎರಡನೆಯದರಲ್ಲಿ ಅವಳ ಮತ್ತು ಮಗುವಿನ ಸ್ಥಿತಿಯನ್ನು ನೋಡಿ ತೀರ್ಮಾನಿಸಬೇಕಾಗುತ್ತದೆ.

ನಿಫಾಸ್‌ನಲ್ಲಿ ಉಪವಾಸವಿಲ್ಲವೆಂದು ಬಹುತೇಕ ಎಲ್ಲರಿಗೂ ಗೊತ್ತು. ಆದರೂ ಅನೇಕ ಮನೆಗಳಲ್ಲಿ ಬಾಣಂತಿಯು ಹಗಲಿನಲ್ಲಿ ಕದ್ದು ಉಣ್ಣುತ್ತಾಳೆ. ಮಾವ ಹೊರಗೆ ಹೋಗುವವರೆಗೆ ಕಾಯುತ್ತಾಳೆ. ಮೈದುನ ಮನೆಯಲ್ಲಿದ್ದರೆ ನೀರಿನ ಲೋಟವನ್ನು ಸೆರಗಿನಲ್ಲಿ ಮರೆಮಾಡಿ ಕೋಣೆಗೆ ಒಯ್ಯುತ್ತಾಳೆ. ನೆಂಟರು ಬಂದರೆ ಅಸರ್‌ವರೆಗೂ ಹಸಿದಿರುತ್ತಾಳೆ. ಹೆರಿಗೆಯಾಗಿ ಹನ್ನೆರಡು ದಿನವಾದ ತಾಯಿಯೊಬ್ಬಳು ನಾಚಿಕೆಯಿಂದ ಮೂರು ದಿನ ಉಪವಾಸವನ್ನೇ ಹಿಡಿದು, ನಾಲ್ಕನೆಯ ದಿನ ತಲೆಸುತ್ತಿ ಬಿದ್ದ ಪ್ರಸಂಗವು ನಮಗೆ ತಿಳಿದಿದೆ. ಆ ಮೂರು ಉಪವಾಸಗಳು ಅವಳ ಲೆಕ್ಕಕ್ಕೆ ಸೇರಲಿಲ್ಲ. ಅವನ್ನು ಅವಳು ಮತ್ತೆ ಹಿಡಿಯಲೇಬೇಕಾಯಿತು. ಅಲ್ಲಾಹನು ಬೇಡವೆಂದ ಹಸಿವನ್ನು ಅವಳು ಜನರ ಕಣ್ಣಿಗಾಗಿ ಅನುಭವಿಸಿದಳು.

ಸಹೋದರಿಯರೇ, ಆರಾಧನೆ ಎಂದರೇನು? ಹಸಿದಿರುವುದೇ ಆರಾಧನೆಯಲ್ಲ. ಅಲ್ಲಾಹನು ಹೇಳಿದಾಗ ಹಸಿದಿರುವುದು ಆರಾಧನೆ. ಅವನು ಉಣ್ಣು ಎಂದಾಗ ಉಣ್ಣುವುದೂ ಆರಾಧನೆ. ಸೂರ್ಯಾಸ್ತವಾದ ಮೇಲೂ ಇಫ್ತಾರ್ ಮಾಡದೆ ಉಪವಾಸವನ್ನು ಎಳೆಯುವವನನ್ನು ನಾವು ಹೆಚ್ಚು ಭಕ್ತನೆನ್ನುವುದಿಲ್ಲ. ಈದ್‌ನ ದಿನ ಉಪವಾಸ ಹಿಡಿಯುವವನನ್ನು ಪಾಪಿ ಎನ್ನುತ್ತೇವೆ. ಅಂದಮೇಲೆ ನಿಫಾಸ್‌ನ ಮಹಿಳೆಯು ನಡುಮಧ್ಯಾಹ್ನ ಬಿಸ್ಮಿಲ್ಲಾಹ್ ಹೇಳಿ ಗಂಜಿ ಉಂಡರೆ ಅವಳು ರಮಝಾನಿನ ಹೊರಗೆ ಇರುವುದಿಲ್ಲ. ಅದೇ ಒಡೆಯನ ಆಜ್ಞೆಯನ್ನು ಬೇರೊಂದು ರೂಪದಲ್ಲಿ ಪಾಲಿಸುತ್ತಿರುತ್ತಾಳೆ.

ಪ್ರವಾದಿ(ಸ)ರ ಕಾಲದ ಎರಡು ಘಟನೆಗಳು ಇದನ್ನು ಸ್ಪಷ್ಟಪಡಿಸುತ್ತವೆ. ಎರಡೂ ಹಿಜ್ರಾ 10ನೇ ವರ್ಷದ ವಿದಾಯ ಹಜ್ಜ್‌ನ ಪ್ರಯಾಣದಲ್ಲಿ ನಡೆದವು. ಮದೀನಾದಿಂದ ಹೊರಟ ಯಾತ್ರಿಕರು ದುಲ್‌ಹುಲೈಫಾ ತಲುಪಿದಾಗ ಹಝ್ರತ್ ಅಬೂಬಕರ್(ರ)ರ ಪತ್ನಿ ಅಸ್ಮಾ ಬಿನ್ತ್ ಉಮೈಸ್(ರ) ಮಗನನ್ನು ಹೆತ್ತರು. ಆ ಮಗನೇ ಮುಹಮ್ಮದ್ ಬಿನ್ ಅಬೂಬಕರ್. ತಾನಿನ್ನು ಏನು ಮಾಡಲಿ ಎಂದು ಅವರು ಪ್ರವಾದಿ(ಸ)ರ ಬಳಿ ಕೇಳಿ ಕಳುಹಿಸಿದರು. ಹಿಂದಿರುಗಿ ಹೋಗಲು ಪ್ರವಾದಿ(ಸ) ಹೇಳಲಿಲ್ಲ. ಸ್ನಾನ ಮಾಡಿ, ಬಟ್ಟೆ ಕಟ್ಟಿಕೊಂಡು, ಇಹ್ರಾಮ್ ಪ್ರವೇಶಿಸುವಂತೆ ಹೇಳಿದರು. ಅದೇ ಪ್ರಯಾಣದಲ್ಲಿ ಮಕ್ಕಾದ ಸಮೀಪದ ಸರಿಫ್ ಎಂಬಲ್ಲಿ ಹಝ್ರತ್ ಆಯಿಶಾ(ರ)ರಿಗೆ ಮುಟ್ಟು ಆರಂಭವಾಯಿತು. ಅವರು ಅಳುತ್ತಿರುವುದನ್ನು ಕಂಡ ಪ್ರವಾದಿ(ಸ), ಇದು ಆದಮ್(ಅ)ರ ಪುತ್ರಿಯರಿಗೆ ಅಲ್ಲಾಹನೇ ವಿಧಿಸಿದ ಸಂಗತಿಯೆಂದು ಸಮಾಧಾನ ಹೇಳಿ, ಕಅಬಾದ ತವಾಫನ್ನು ಬಿಟ್ಟು ಉಳಿದೆಲ್ಲ ಕರ್ಮಗಳನ್ನು ನೆರವೇರಿಸಲು ತಿಳಿಸಿದರು. ಒಂದು ಕರ್ಮ ಮುಂದಕ್ಕೆ ಹೋಯಿತು. ಯಾತ್ರೆಯಿಂದ ಅವರಿಬ್ಬರಲ್ಲಿ ಯಾರೂ ಹೊರಗಾಗಲಿಲ್ಲ. ಬಾಣಂತಿಯ ರಮಝಾನನ್ನೂ ನಾವು ಹೀಗೆಯೇ ಕಾಣಬೇಕು.

ನಮ್ಮ ಮನೆಯಲ್ಲೂ ಮೂವರು ಮಕ್ಕಳು. ಎರಡನೆಯವಳು ಹುಟ್ಟಿದ್ದು ಶಅಬಾನ್ ತಿಂಗಳ ಕೊನೆಯ ವಾರದಲ್ಲಿ. ಆ ರಮಝಾನಿನಲ್ಲಿ ನಮ್ಮ ತಾಯಿ ಪ್ರತಿದಿನ ಝುಹರ್ ಅಝಾನಿಗೆ ಮೊದಲು ಸೊಸೆಯ ಮುಂದೆ ತಟ್ಟೆ ಇಡುತ್ತಿದ್ದರು; ಮರೆಯಲ್ಲಲ್ಲ, ನಡುಮನೆಯಲ್ಲಿ. ಆಗತಾನೆ ಅರ್ಧ ಉಪವಾಸ ಹಿಡಿಯುವ ಉತ್ಸಾಹದಲ್ಲಿದ್ದ ನಮ್ಮ ಹಿರಿಯ ಮಗನು, “ಅಮ್ಮೀ ಏಕೆ ಉಪವಾಸ ಹಿಡಿದಿಲ್ಲ?” ಎಂದು ಅಜ್ಜಿಯನ್ನು ಕೇಳಿದನು. ಅಕ್ಷರ ಬಾರದ ಆ ತಾಯಿಯು, “ನಿನ್ನನ್ನು ಹಸಿದಿರು ಅಂದವನೇ ಅವಳನ್ನು ಉಣ್ಣು ಅಂದಿದ್ದಾನೆ. ನೀನೂ ಕೇಳಿದೆ, ಅವಳೂ ಕೇಳಿದಳು” ಎಂದರು. ನಾವು ವರ್ಷಗಟ್ಟಲೆ ಓದಿದ ಫಿಕ್ಹ್‌ನ ಒಂದು ಅಧ್ಯಾಯದ ಸಾರವು ಆ ಎರಡು ಮಾತುಗಳಲ್ಲಿತ್ತು. ಮನೆಯ ಹಿರಿಯ ಹೆಂಗಸು ಹೀಗೆ ಬಹಿರಂಗವಾಗಿ ತಟ್ಟೆ ಇಟ್ಟರೆ ಆ ಮನೆಯಲ್ಲಿ ಯಾವ ಬಾಣಂತಿಯೂ ಬಾಗಿಲ ಹಿಂದೆ ನಿಂತು ನೀರು ಕುಡಿಯಬೇಕಾಗುವುದಿಲ್ಲ.

ಇನ್ನು ನಿಫಾಸ್‌ನ ಅವಧಿಯ ವಿಷಯ. ನಮ್ಮದು ಮಲೆನಾಡಿನ ಒಂದು ಪೇಟೆ. ಇಲ್ಲಿ ದಖ್ಖನಿ ಉರ್ದು ಮಾತನಾಡುವ ಹನಫೀ ಕುಟುಂಬಗಳೂ, ಕರಾವಳಿಯಿಂದ ಘಟ್ಟ ಹತ್ತಿ ಬಂದು ನೆಲೆಸಿದ ಶಾಫಿಈ ಬ್ಯಾರಿ ಕುಟುಂಬಗಳೂ ಅಕ್ಕಪಕ್ಕದಲ್ಲಿ ವಾಸಿಸುತ್ತವೆ. ಒಂದು ವರ್ಷ ಪಕ್ಕಪಕ್ಕದ ಎರಡು ಮನೆಗಳಲ್ಲಿ ಕೆಲವೇ ದಿನಗಳ ಅಂತರದಲ್ಲಿ ಹೆರಿಗೆಗಳಾದವು. ನಲವತ್ತು ದಿನ ಕಳೆದರೂ ಇಬ್ಬರಿಗೂ ಸ್ವಲ್ಪ ಸ್ರಾವ ಮುಂದುವರಿದಿತ್ತು. ಒಬ್ಬಳು ಸ್ನಾನ ಮಾಡಿ ನಮಾಝ್, ಉಪವಾಸ ಆರಂಭಿಸಿದಳು, ಇನ್ನೊಬ್ಬಳು ಆರಂಭಿಸಲಿಲ್ಲ. ಇವಳು ಅವಳನ್ನು ಅವಸರದವಳೆಂದೂ, ಅವಳು ಇವಳನ್ನು ಸೋಮಾರಿಯೆಂದೂ ಎಣಿಸಿದರು. ವಾಸ್ತವದಲ್ಲಿ ಇಬ್ಬರೂ ತಮ್ಮ ತಮ್ಮ ಮದ್‌ಹಬ್‌ನ ಪ್ರಕಾರ ಸರಿಯಾಗಿಯೇ ನಡೆದಿದ್ದರು. ಹನಫೀ ಮದ್‌ಹಬ್‌ನಲ್ಲಿ ನಿಫಾಸ್‌ನ ಗರಿಷ್ಠ ಅವಧಿ 40 ದಿನಗಳು. ಶಾಫಿಈ ಮದ್‌ಹಬ್‌ನಲ್ಲಿ ಸಾಮಾನ್ಯ ಅವಧಿ 40 ದಿನಗಳಾದರೂ ಗರಿಷ್ಠ ಅವಧಿ 60 ದಿನಗಳು. ಗರಿಷ್ಠ ಅವಧಿಯನ್ನೂ ಮೀರಿ ಹರಿಯುವ ರಕ್ತವನ್ನು ರೋಗದ ರಕ್ತವೆಂದು ಪರಿಗಣಿಸಲಾಗುತ್ತದೆ. ಅದು ನಮಾಝಿಗೂ ಉಪವಾಸಕ್ಕೂ ಅಡ್ಡಿಯಲ್ಲ.

ಆದರೆ ಇದಕ್ಕಿಂತ ಮುಖ್ಯವಾದ ಒಂದು ಅಂಶವಿದೆ. ನಿಫಾಸ್‌ಗೆ ಗರಿಷ್ಠ ಅವಧಿ ಇರುವುದೇ ಹೊರತು ಕನಿಷ್ಠ ಅವಧಿ ಇಲ್ಲ. ನಮ್ಮ ಮನೆಗಳಲ್ಲಿ ಚಿಲ್ಲಾ ಎಂದು ನಲವತ್ತು ದಿನಗಳ ಬಾಣಂತನವನ್ನು ಆಚರಿಸುವ ರೂಢಿಯಿದೆ. ಬಿಸಿನೀರಿನ ಸ್ನಾನ, ಎಣ್ಣೆ ತಿಕ್ಕುವುದು, ಖಾರ-ಕಷಾಯ, ವಿಶ್ರಾಂತಿ ಇವೆಲ್ಲ ತಾಯಿಯ ಶರೀರಕ್ಕೆ ಸಂಬಂಧಿಸಿದವು. ಇವನ್ನು ಯಾರೂ ಆಕ್ಷೇಪಿಸಬೇಕಾಗಿಲ್ಲ. ಆದರೆ 25ನೇ ದಿನಕ್ಕೆ ಸ್ರಾವವು ಸಂಪೂರ್ಣವಾಗಿ ನಿಂತರೆ ಅಂದೇ ಅವಳು ಸ್ನಾನ ಮಾಡಿ ಶುದ್ಧಳಾಗಿ ನಮಾಝನ್ನು ಆರಂಭಿಸಬೇಕು. ನಲವತ್ತು ತುಂಬಲೆಂದು ಹದಿನೈದು ದಿನಗಳ ನಮಾಝನ್ನು ಬಿಡುವುದಕ್ಕೆ ಶರೀಅತ್‌ನಲ್ಲಿ ಆಧಾರವಿಲ್ಲ. ಶಸ್ತ್ರಚಿಕಿತ್ಸೆಯ ಮೂಲಕ ಹೆರಿಗೆಯಾದವಳಿಗೂ ಇದೇ ವಿಧಿ. ರಕ್ತವು ನಿಂತು ಕೆಲವು ದಿನಗಳ ಬಳಿಕ ಮತ್ತೆ ಕಾಣಿಸಿಕೊಂಡರೆ, ದಿನಗಳ ಲೆಕ್ಕವನ್ನು ಬರೆದಿಟ್ಟುಕೊಂಡು ತಮ್ಮ ಮದ್‌ಹಬ್ ಬಲ್ಲ ಆಲಿಮರನ್ನು ಕೇಳಬೇಕು. ಈ ಲೆಕ್ಕವನ್ನು ಹೇಳಲು ನಾಚಿಕೊಳ್ಳಬೇಕಾಗಿಲ್ಲ. ಧರ್ಮವನ್ನು ಅರಿಯಲು ಲಜ್ಜೆಯನ್ನು ಅಡ್ಡಬಿಡದ ಅನ್ಸಾರ್ ಮಹಿಳೆಯರನ್ನು ಸ್ವತಃ ಹಝ್ರತ್ ಆಯಿಶಾ(ರ) ಪ್ರಶಂಸಿಸಿದ್ದಾರೆ.

ಇಲ್ಲಿ ಯುವ ತಾಯಂದಿರು ಕೇಳುವ ಪ್ರಶ್ನೆಯೊಂದಿದೆ: ಸ್ರಾವ ನಿಂತು ನಮಾಝ್ ಕಡ್ಡಾಯವಾದರೆ ಮರುದಿನದಿಂದಲೇ ಉಪವಾಸವೂ ಕಡ್ಡಾಯವೇ? ಶರೀರವು ಸಮರ್ಥವಾಗಿದ್ದು, ಹಾನಿಯ ಭಯವಿಲ್ಲದಿದ್ದರೆ ಹೌದು. ಆದರೆ ಎರಡನೆಯ ಸ್ಥಿತಿಯು, ಅಂದರೆ ಹಾಲೂಡಿಸುವ ತಾಯಿಯ ವಿನಾಯಿತಿಯು, ಇಲ್ಲಿಂದಲೇ ಆರಂಭವಾಗುತ್ತದೆ. ಅನಸ್ ಬಿನ್ ಮಾಲಿಕ್ ಅಲ್‌ಕಅಬೀ ಎಂಬ ಸಹಾಬಿ ವರದಿ ಮಾಡಿದ ಹದೀಸ್ ಒಂದಿದೆ. ಇವರು ಪ್ರವಾದಿ(ಸ)ರ ಸೇವಕರಾಗಿದ್ದ ಪ್ರಸಿದ್ಧ ಅನಸ್(ರ) ಅಲ್ಲ, ಅದೇ ಹೆಸರಿನ ಬೇರೊಬ್ಬರು. ಅವರು ಬಂದಾಗ ಪ್ರವಾದಿ(ಸ) ಊಟ ಮಾಡುತ್ತಿದ್ದರು. ಅವರನ್ನೂ ಊಟಕ್ಕೆ ಕರೆದರು. ತಾನು ಉಪವಾಸಿಗನೆಂದು ಅವರು ಹೇಳಿದಾಗ, ಪ್ರಯಾಣಿಕನಿಗೆ ಮಾತ್ರವಲ್ಲದೆ ಗರ್ಭಿಣಿಗೂ ಹಾಲೂಡಿಸುವವಳಿಗೂ ಅಲ್ಲಾಹನು ಉಪವಾಸದಲ್ಲಿ ರಿಯಾಯಿತಿ ನೀಡಿದ್ದಾನೆಂದು ಪ್ರವಾದಿ(ಸ) ತಿಳಿಸಿದರು. ಅಂದು ಪ್ರವಾದಿ(ಸ)ರ ಊಟದಲ್ಲಿ ಪಾಲ್ಗೊಳ್ಳಲಿಲ್ಲವಲ್ಲ ಎಂದು ಆ ಸಹಾಬಿ ಮುಂದೆ ಹಲುಬುತ್ತಿದ್ದರು.

ಹಾನಿಯ ಭಯವೆಂದರೆ ಏನು? ಬರಿಯ ಊಹೆಯಲ್ಲ, ಹಿಂದಿನ ಅನುಭವ, ಕಣ್ಣಿಗೆ ಕಾಣುವ ಲಕ್ಷಣ ಅಥವಾ ಅರಿವುಳ್ಳ ವೈದ್ಯರ ಸಲಹೆ. ಎದೆಹಾಲಿನ ಬಹುಪಾಲು ನೀರೇ ಆಗಿದೆ. ಮೊದಲ ಆರು ತಿಂಗಳು ಮಗುವಿಗೆ ತಾಯಿಯ ಹಾಲನ್ನು ಮಾತ್ರ ನೀಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಸಲಹೆ ನೀಡುತ್ತದೆ. ಅಂದರೆ ಆ ಆರು ತಿಂಗಳು ಮಗುವಿನ ಅನ್ನವೂ ನೀರೂ ತಾಯಿಯ ಶರೀರದಿಂದಲೇ ಬರಬೇಕು. ಹೆರಿಗೆಯಲ್ಲಿ ರಕ್ತ ಕಳೆದುಕೊಂಡವಳಿಗೆ, ರಕ್ತಹೀನತೆಗೆ ಕಬ್ಬಿಣದ ಮಾತ್ರೆ ನುಂಗುತ್ತಿರುವವಳಿಗೆ, ಹೊಲಿಗೆ ಮಾಯದವಳಿಗೆ ಕಾಯಿಲೆಯವಳ ವಿನಾಯಿತಿಯೂ ಅನ್ವಯಿಸುತ್ತದೆ. ಮಗುವು ದಿನಕ್ಕೆ ಆರು ಬಾರಿಗಿಂತ ಕಡಿಮೆ ಮೂತ್ರ ಮಾಡಿದರೆ, ಅದರ ಬಾಯಿ ಒಣಗಿದರೆ, ಅಳಲೂ ಶಕ್ತಿಯಿಲ್ಲದೆ ಮಂಕಾದರೆ ಅದು ಹಾಲು ಸಾಲುತ್ತಿಲ್ಲವೆಂಬುದರ ಸೂಚನೆ. ಆಗ ತಾಯಿ ಮಗ್ರಿಬ್‌ವರೆಗೆ ಕಾಯಬೇಕಾಗಿಲ್ಲ. ಅವಳು ಉಪವಾಸವನ್ನು ಬಿಟ್ಟು ನೀರು ಕುಡಿಯಲಿ. ಮಗುವನ್ನು ವೈದ್ಯರಿಗೆ ತೋರಿಸಲಿ. ಅದೇ ವೇಳೆ ಹತ್ತು ತಿಂಗಳ, ಊಟ ಕಲಿತ ಮಗುವಿನ ಆರೋಗ್ಯವಂತ ತಾಯಿಯು ಸಹರಿ ಚೆನ್ನಾಗಿ ಮಾಡಿ ಉಪವಾಸ ಹಿಡಿಯಬಲ್ಲಳಾದರೆ ಹಿಡಿಯಲೇಬೇಕು. ಹಾಲೂಡಿಸುವುದು ತಾನೇ ತಾನಾಗಿ ವಿನಾಯಿತಿಯಲ್ಲ. ಹಾನಿಯ ಭಯವು ವಿನಾಯಿತಿ.

ಮಗುವಿನ ಹಾಲಿನ ವಿಷಯದಲ್ಲಿ ನಮ್ಮ ಪೂರ್ವಜರು ಎಷ್ಟು ಸೂಕ್ಷ್ಮವಾಗಿದ್ದರು ಎಂಬುದಕ್ಕೆ ಖಲೀಫಾ ಉಮರ್(ರ)ರ ಒಂದು ವೃತ್ತಾಂತವನ್ನು ಇತಿಹಾಸಕಾರರು ದಾಖಲಿಸಿದ್ದಾರೆ. ಎದೆಹಾಲು ಬಿಟ್ಟ ಮಕ್ಕಳಿಗೆ ಮಾತ್ರ ಬೊಕ್ಕಸದಿಂದ ಭತ್ಯೆ ಸಿಗುತ್ತಿದ್ದ ಕಾಲವದು. ರಾತ್ರಿ ಗಸ್ತಿನಲ್ಲಿದ್ದ ಉಮರ್(ರ) ಒಂದು ಮಗುವಿನ ನಿಲ್ಲದ ಅಳುವನ್ನು ಕೇಳಿ ವಿಚಾರಿಸಿದಾಗ, ಭತ್ಯೆಗಾಗಿ ತಾಯಿಯು ಅವಧಿಗೆ ಮೊದಲೇ ಹಾಲು ಬಿಡಿಸುತ್ತಿರುವುದು ತಿಳಿದುಬಂತು. ಮರುದಿನ ಫಜ್ರ್ ನಮಾಝಿನಲ್ಲಿ ಅವರ ಕುರ್‌ಆನ್ ಪಾರಾಯಣವು ಜನರಿಗೆ ಸ್ಪಷ್ಟವಾಗಿ ಕೇಳದಷ್ಟು ಅವರು ಅತ್ತರು. ಅಂದೇ ನಿಯಮವನ್ನು ಬದಲಿಸಿ, ಹುಟ್ಟಿದ ಪ್ರತಿಯೊಂದು ಮಗುವಿಗೂ ಭತ್ಯೆ ನಿಗದಿಪಡಿಸಿದರು. ತಾನು ಮಾಡಿದ ಕಾನೂನಿನಿಂದ ಒಂದು ಮಗುವಿಗೆ ಹಾಲು ತಪ್ಪಿತೆಂದು ಖಲೀಫಾ ಅತ್ತರು. ನಮ್ಮ ನಾಚಿಕೆಯಿಂದ, ನಮ್ಮ ಮನೆಯ ಮೌನದಿಂದ ಮಗುವಿಗೆ ಹಾಲು ತಪ್ಪಿದರೆ ನಾವು ಅಲ್ಲಾಹನಿಗೆ ಏನೆಂದು ಉತ್ತರಿಸೋಣ?

ಉಪವಾಸವನ್ನು ಮುಂದೂಡಿದ ಮೇಲೆ ಅದರ ಋಣ ಉಳಿಯುತ್ತದೆ. ನಿಫಾಸ್‌ನಲ್ಲಿ ತಪ್ಪಿದ ನಮಾಝಿಗೆ ಕಝಾ ಇಲ್ಲ. ತಪ್ಪಿದ ಉಪವಾಸಗಳಿಗೆ ಕಝಾ ಇದೆ. ಋತುಸ್ರಾವದ ಬಗ್ಗೆ ಮುಆದಾ ಎಂಬ ಮಹಿಳೆಯು ಹಝ್ರತ್ ಆಯಿಶಾ(ರ)ರಲ್ಲಿ ಕೇಳಿದಾಗ ಅವರು ನೀಡಿದ ಉತ್ತರವು ಇದಕ್ಕೆ ಆಧಾರ. ಇಲ್ಲಿ ಅನೇಕ ಕುಟುಂಬಗಳಲ್ಲಿ ಒಂದು ತಪ್ಪು ತಿಳಿವಳಿಕೆಯಿದೆ. ಬಡವರಿಗೆ ಅಕ್ಕಿ ಅಥವಾ ಹಣ ಕೊಟ್ಟುಬಿಟ್ಟರೆ ಬಾಣಂತಿಯ ಉಪವಾಸ ತೀರಿತೆಂದು ಭಾವಿಸುತ್ತಾರೆ. ನಿಫಾಸ್‌ನ ಉಪವಾಸಗಳಿಗೆ ಪರಿಹಾರ ಕಝಾ ಮಾತ್ರ. ಅಲ್ಲಿ ಫಿದ್ಯಾ ಸಾಲದು. ಹಾಲೂಡಿಸುವ ಕಾರಣಕ್ಕೆ ಬಿಟ್ಟ ಉಪವಾಸಗಳಿಗೆ ಹನಫೀ ಮದ್‌ಹಬ್‌ನಲ್ಲಿ ಕಝಾ ಸಾಕು, ಫಿದ್ಯಾ ಇಲ್ಲ. ಶಾಫಿಈ ಮದ್‌ಹಬ್‌ನಲ್ಲಿ ತಾಯಿಯು ತನ್ನ ಆರೋಗ್ಯಕ್ಕೆ ಹೆದರಿ ಬಿಟ್ಟಿದ್ದರೆ ಕಝಾ ಮಾತ್ರ. ಕೇವಲ ಮಗುವಿಗಾಗಿ ಬಿಟ್ಟಿದ್ದರೆ ಕಝಾದ ಜೊತೆಗೆ ದಿನಕ್ಕೊಂದು ಮುದ್ದ್, ಅಂದರೆ ಎರಡೂ ಕೈ ಜೋಡಿಸಿದ ಒಂದು ಬೊಗಸೆಯಷ್ಟು, ಊರಿನ ಮುಖ್ಯ ಆಹಾರಧಾನ್ಯವನ್ನು ಬಡವರಿಗೆ ಕೊಡಬೇಕು. ಇಬ್ನು ಅಬ್ಬಾಸ್(ರ)ರಂತಹ ಸಹಾಬಿಗಳಿಂದ ಫಿದ್ಯಾ ಮಾತ್ರ ಸಾಕೆಂಬ ಅಭಿಪ್ರಾಯವೂ ವರದಿಯಾಗಿದೆ. ಆದರೆ ನಮ್ಮ ನಾಡಿನಲ್ಲಿ ರೂಢಿಯಲ್ಲಿರುವ ಈ ಎರಡೂ ಮದ್‌ಹಬ್‌ಗಳಲ್ಲಿ ಕಝಾ ಕಡ್ಡಾಯವಾಗಿದೆ.

ಈಗ ನಾವು ಬರೆಯಲು ಹೊರಟ ಮುಖ್ಯ ವಿಷಯಕ್ಕೆ ಬರುತ್ತೇವೆ. ಮೂವರು ಮಕ್ಕಳ ತಾಯಿಯೊಬ್ಬಳು ತನ್ನ ಕಝಾ ಉಪವಾಸಗಳ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದು ನಮಗೆ ಕಳುಹಿಸಿದ್ದಳು. ಮೊದಲ ಬಾಣಂತನದ 30, ಎರಡನೆಯದರ 22, ಮೂರನೆಯದರ 30, ಒಟ್ಟು 82. ಕೊನೆಯಲ್ಲಿ, ಇದನ್ನು ತೀರಿಸದೆ ತಾನು ಸತ್ತರೆ ಏನು ಗತಿ ಎಂದು ಕೇಳಿದ್ದಳು. ಒಂದೊಂದು ರಮಝಾನ್ ಬಂದಾಗಲೂ ಅವಳ ಎದೆ ನಡುಗುತ್ತಿತ್ತು. ಏಕೆ ತೀರಿಸಲಾಗಲಿಲ್ಲವೆಂದು ವಿಚಾರಿಸಿದಾಗ ತಿಳಿದದ್ದು ಇಷ್ಟೇ: ಅವಳು ಉಪವಾಸ ಹಿಡಿದ ದಿನವೂ ಮನೆಯ ಕೆಲಸ ಮೊದಲಿನಷ್ಟೇ ಇರುತ್ತಿತ್ತು. ರಮಝಾನಿನಲ್ಲಿ ಇಡೀ ಮನೆಯೇ ಸಹರಿಗೆ ಏಳುತ್ತದೆ, ಇಡೀ ಬೀದಿಯೇ ಇಫ್ತಾರಿಗೆ ಕಾಯುತ್ತದೆ. ಕಝಾ ಉಪವಾಸದ ದಿನ ಅವಳೊಬ್ಬಳೇ ಕತ್ತಲಲ್ಲಿ ಎದ್ದು, ತಣ್ಣಗಿನ ಅನ್ನ ಉಂಡು, ಎಲ್ಲರಿಗೂ ಮೂರು ಹೊತ್ತು ಅಡುಗೆ ಮಾಡಿ, ಸಂಜೆ ಒಬ್ಬಳೇ ಖರ್ಜೂರ ಬಾಯಿಗಿಡಬೇಕಿತ್ತು.

ಮಗುವು ಇಬ್ಬರದು, ಋಣವು ಒಬ್ಬಳದು. ಈ ಮಾತನ್ನು ಗಂಡಂದಿರು ಮನಸ್ಸಿಟ್ಟು ಯೋಚಿಸಬೇಕು. ಅವಳ ಕಝಾವನ್ನು ನಾವು ಹಿಡಿಯಲಾಗದು. ಆದರೆ ಅವಳು ಹಿಡಿಯುವಂತೆ ದಾರಿಯನ್ನು ಸುಗಮಗೊಳಿಸಬಹುದು. ಹಝ್ರತ್ ಆಯಿಶಾ(ರ) ಕೂಡ ತಮ್ಮ ಕಝಾ ಉಪವಾಸಗಳನ್ನು ಶಅಬಾನ್ ತಿಂಗಳವರೆಗೂ ಮುಂದೂಡುತ್ತಿದ್ದರೆಂದು ವರದಿಯಾಗಿದೆ. ಆದ್ದರಿಂದ ವರ್ಷವಿಡೀ ಅವಕಾಶವಿದೆ. ಅವನ್ನು ಎಡೆಬಿಡದೆ ಹಿಡಿಯಬೇಕೆಂದೂ ಇಲ್ಲ. ನಮ್ಮ ಎರಡನೆಯ ಮಗಳಿಗೆ ಒಂದು ವರ್ಷ ತುಂಬುವ ಮೊದಲೇ, ನಮ್ಮ ಮಡದಿಯು ಸೋಮವಾರ ಮತ್ತು ಗುರುವಾರಗಳಂದು ಕಝಾ ಹಿಡಿಯಲಾರಂಭಿಸಿದಳು. ನಾವೂ ಆ ದಿನಗಳಲ್ಲಿ ಐಚ್ಛಿಕ ಉಪವಾಸ ಹಿಡಿದೆವು. ಸಹರಿಗೆ ಇಬ್ಬರೂ ಎದ್ದೆವು. ಇಫ್ತಾರಿಗೆ ಇಬ್ಬರೂ ಕುಳಿತೆವು. ಡಿಸೆಂಬರ್, ಜನವರಿಯ ಹಗಲು ಬೇಸಗೆಯ ಹಗಲಿಗಿಂತ ಒಂದು ಗಂಟೆಗೂ ಹೆಚ್ಚು ಕಿರಿದು, ಬಾಯಾರಿಕೆಯೂ ಕಡಿಮೆ. ಆ 82 ಉಪವಾಸಗಳ ತಾಯಿಗೂ ನಾವು ಇದನ್ನೇ ಹೇಳಿದೆವು. ವಾರಕ್ಕೆ ಎರಡರಂತೆ ಹಿಡಿದರೆ 41 ವಾರಗಳು. ತಿಂಗಳ ಮುಟ್ಟಿನ ದಿನಗಳಿಗೆ ಸಿಲುಕುವ ವಾರಗಳನ್ನು ಸೇರಿಸಿದರೂ ಸುಮಾರು ಒಂದು ವರ್ಷದಲ್ಲಿ ತೀರುವ ಲೆಕ್ಕ. ಅವಳ ಗಂಡನಿಗೆ ಹೇಳಿದ್ದು ಇನ್ನೂ ಸರಳ: ಆ ಎರಡು ದಿನ ಸಂಜೆ ಬೇಗ ಮನೆಗೆ ಹೋಗು, ಮಕ್ಕಳನ್ನು ನೀನು ನೋಡಿಕೋ. ಎರಡು ರಮಝಾನ್‌ಗಳ ಬಳಿಕ ಅವಳಿಂದ ಇನ್ನೊಂದು ಚೀಟಿ ಬಂತು. ಅದರಲ್ಲಿ ಇದ್ದುದು ಒಂದೇ ಪದ: ಅಲ್‌ಹಮ್ದುಲಿಲ್ಲಾಹ್.

ಸಕಾರಣವಾಗಿ ಮುಂದಿನ ರಮಝಾನ್‌ವರೆಗೆ ತೀರಿಸಲಾಗದಿದ್ದರೆ, ಉದಾಹರಣೆಗೆ ಮತ್ತೆ ಗರ್ಭಿಣಿಯಾದರೆ, ಪಾಪವಿಲ್ಲ; ಋಣ ಮಾತ್ರ ಉಳಿದಿರುತ್ತದೆ. ಕಾರಣವಿಲ್ಲದೆ ತಡಮಾಡಿದರೆ ಶಾಫಿಈ ಮದ್‌ಹಬ್‌ನಲ್ಲಿ ಕಝಾದ ಜೊತೆ ಫಿದ್ಯಾ ಕೂಡ ಬೇಕಾಗುತ್ತದೆ. ಆದ್ದರಿಂದ ಪ್ರತಿಯೊಬ್ಬ ತಾಯಿಯೂ ತನ್ನ ಲೆಕ್ಕವನ್ನು ಮಗುವಿನ ತಾಯಿ ಕಾರ್ಡಿನ ಜೊತೆಗಿಡುವ ಒಂದು ಹಾಳೆಯಲ್ಲಿ ಬರೆದಿಡುವುದು ಒಳಿತು. ನೆನಪು ಮಾಸುತ್ತದೆ, ಬರಹ ಮಾಸದು.

ಇನ್ನು, ಉಪವಾಸವಿಲ್ಲದ ಆ ದಿನಗಳಲ್ಲಿ ತಾಯಿಯ ಕೈ ಬರಿದಾಗಿರುತ್ತದೆಯೇ? ಇಲ್ಲ. ಝಿಕ್ರ್, ದುಆ, ಇಸ್ತಿಗ್‌ಫಾರ್, ಸ್ವಲಾತ್ ಇವುಗಳಿಗೆ ನಿಫಾಸ್ ಅಡ್ಡಿಯಲ್ಲ. ಕುರ್‌ಆನ್ ಪಾರಾಯಣವನ್ನು ಅವಳು ಆಲಿಸಬಹುದು. ಲೈಲತುಲ್ ಕದ್ರ್‌ನ ರಾತ್ರಿಗಳಲ್ಲಿ ಮಗುವಿಗಾಗಿ ಹೇಗೂ ಎದ್ದಿರುತ್ತಾಳೆ. ಆ ಎಚ್ಚರದಲ್ಲೇ ದುಆ ಮಾಡಬಹುದು. ರೋಗಿಗೂ ಪ್ರಯಾಣಿಕನಿಗೂ ಅವರು ಆರೋಗ್ಯವಂತರಾಗಿ ಊರಲ್ಲಿದ್ದಾಗ ಮಾಡುತ್ತಿದ್ದ ಸತ್ಕರ್ಮಗಳ ಪ್ರತಿಫಲವು ಬರೆಯಲ್ಪಡುತ್ತದೆಂಬ ಶುಭವಾರ್ತೆಯನ್ನು ಪ್ರವಾದಿ(ಸ) ನೀಡಿದ್ದಾರೆ. ಅಲ್ಲಾಹನ ಆಜ್ಞೆಯಂತೆ ತಡೆದು ನಿಂತ ತಾಯಿಯ ವಿಷಯದಲ್ಲಿ ಆ ಉದಾರಿಯಾದ ಒಡೆಯನಿಂದ ನಾವು ಕಡಿಮೆ ನಿರೀಕ್ಷಿಸುವುದೇಕೆ? ಜಮಾಅತ್ ನಮಾಝಿನ ನಡುವೆ ಮಗುವಿನ ಅಳು ಕೇಳಿದರೆ, ಅದರ ತಾಯಿಯ ಮನಸ್ಸಿನ ತಳಮಳವನ್ನು ಅರಿತು ನಮಾಝನ್ನೇ ಚುಟುಕುಗೊಳಿಸುತ್ತಿದ್ದ ಪ್ರವಾದಿ(ಸ)ರ ಅನುಯಾಯಿಗಳು ನಾವು.

ಅತ್ತೆಯರೇ, ತಾಯಂದಿರೇ, ಈ ರಮಝಾನಿನಲ್ಲಿ ನಿಮ್ಮ ಮನೆಯಲ್ಲಿ ಬಾಣಂತಿಯಿದ್ದರೆ ಅವಳ ತಟ್ಟೆಯನ್ನು ನೀವೇ ಇಡಿ, ಎಲ್ಲರಿಗೂ ಕಾಣುವಂತೆ ಇಡಿ. ಸಹೋದರರೇ, ಅವಳ ಕಝಾ ಲೆಕ್ಕವನ್ನು ಕೇಳಿ ತಿಳಿಯಿರಿ. ಅವಳು ಉಪವಾಸವಿರುವ ದಿನ ಒಂದು ಕೆಲಸವನ್ನಾದರೂ ಅವಳ ಕೈಯಿಂದ ತೆಗೆದುಕೊಳ್ಳಿ. ಸಹೋದರಿಯರೇ, ನಿಮ್ಮ ಪ್ರಶ್ನೆಯನ್ನು ಪೂರ್ಣವಾಗಿ ಬರೆದು ಕಳುಹಿಸಿ. ಪೂರ್ಣ ಪ್ರಶ್ನೆಗೆ ಮಾತ್ರ ಪೂರ್ಣ ಉತ್ತರ ಸಿಗುತ್ತದೆ.

ಕರುಣಾಮಯನಾದ ಅಲ್ಲಾಹನು ನಮ್ಮ ತಾಯಂದಿರ ದಣಿವನ್ನು ಸ್ವೀಕರಿಸಲಿ, ಅವರ ಮಕ್ಕಳನ್ನು ಸಜ್ಜನರನ್ನಾಗಿಸಲಿ, ಉಳಿದ ಉಪವಾಸಗಳನ್ನು ತೀರಿಸುವ ಆರೋಗ್ಯ ಮತ್ತು ಆಯುಸ್ಸನ್ನು ಅವರಿಗೆ ಕರುಣಿಸಲಿ. ಆಮೀನ್.